ಬೈರಯ್ಯನ ಗಾಡಿಗೆ ನೂರಿಪ್ಪತ್ತು ಚೀಲ

ಹೊಲಿಗೆ ಮಿಷನ್ನಿಗೆ ದಾರ ಪೋಣಿಸಲೂ ಬಾರದವರು ಹೊಲಿಗೆಯ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದನ್ನು ನ್ಯಾಯವಾಗಿ ಹೇಳಬೇಕಾದವಳು ಚಿಕ್ಕಗಂಗಮ್ಮ. ಆದರೆ ಅವಳು ಹೇಳಲು ಕೂತರೆ, ಟೊಮೆಟೊ ಉರುಳುವ ಜಾಗಕ್ಕೆ ಬರುವ ಹೊತ್ತಿಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾಳೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಮುಂದಿನದನ್ನು ಅವಳ ಬಾಯಿಂದ ಪೂರ್ತಿಯಾಗಿ ಕೇಳಿದವರು ಇನ್ನೂ ಯಾರೂ ಸಿಕ್ಕಿಲ್ಲ. ಹಾಗಾಗಿ ಅವರಿವರಿಂದ ಕೇಳಿ ಜೋಡಿಸಿದ್ದು ಇದು. ಎಲ್ಲಾದರೂ ತಪ್ಪಿದ್ದರೆ ಅದು ಜೋಡಿಸಿದವರದು, ಅವಳದಲ್ಲ.

ಚಿಕ್ಕಗಂಗಮ್ಮ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಇಪ್ಪತ್ತಮೂರು ವರ್ಷದಿಂದ ಕಾಲರ್ ಹೊಲಿಯುತ್ತಾಳೆ. ಕಾಲರ್ ಮಾತ್ರ. ಅವಳು ಕೂರಿಸಿದ ಕಾಲರುಗಳನ್ನು ಸಾಲಾಗಿ ಹಾಸಿದರೆ ಮಾಗಡಿ ರೋಡಿನಲ್ಲಿ ಸುಂಕದಕಟ್ಟೆಯನ್ನೂ ದಾಟಿಹೋಗಬಹುದು. ಆದರೆ ಒಂದು ಇಡೀ ಶರ್ಟನ್ನು ಅವಳು ಯಾವತ್ತೂ ಹೊಲಿದಿಲ್ಲ. ಅಲ್ಲಿ ಯಾರೂ ಹೊಲಿಯುವುದಿಲ್ಲ. ಒಬ್ಬಳು ತೋಳು, ಒಬ್ಬಳು ಜೇಬು, ಒಬ್ಬಳು ಎರಡೂ ಪಕ್ಕ, ಒಬ್ಬಳು ಕೆಳಗಿನ ಅಂಚು. ಹನ್ನೆರಡರ ಕಟ್ಟಿನಲ್ಲಿ ಶರ್ಟು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಜಾರುತ್ತ ಹೋಗುತ್ತದೆ. ಕೊನೆಯಲ್ಲಿ ಚೆಕ್ಕಿಂಗ್ ಟೇಬಲ್ಲಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ನಡುವೆ ಯಾರಾದರೂ ಪಕ್ಕದವಳ ಹೊಲಿಗೆಯತ್ತ ಕಣ್ಣು ಹಾಯಿಸಿದರೆ, "ನಿನ್ನ ಕೆಲಸ ನೀನು ನೋಡಮ್ಮ" ಎಂದು ಬೆನ್ನ ಹಿಂದಿನಿಂದ ಸೂಪರ್‌ವೈಸರನ ದನಿ. ಇಪ್ಪತ್ತಮೂರು ವರ್ಷ ಇದನ್ನೇ ಕೇಳಿದರೆ ಕಣ್ಣಿಗೆ ಅತ್ತಿತ್ತ ಹೋಗುವುದೇ ಮರೆತುಹೋಗುತ್ತದೆ.

ಮೇ ತಿಂಗಳ ಒಂದು ಸಂಜೆ ಮಳೆ ಸುರಿದು ಮೋರಿ ಕಟ್ಟಿಕೊಂಡಿತು. ನೀರು ಅವಳ ಮನೆಯೊಳಗೇ ಬಂತು. ನೀರಿನ ಮೇಲೆ ಎಲ್ಲಕ್ಕಿಂತ ಮುಂದೆ ತೇಲಿಕೊಂಡು ಹೊಸಿಲು ದಾಟಿದ್ದು ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕವರು. ಆ ಬಣ್ಣದ ಕವರನ್ನು ಇಟ್ಟುಕೊಂಡಿದ್ದ ವ್ಯಾಪಾರಿ ಅವಳಿಗೆ ಗೊತ್ತಿದ್ದಂತೆ ಒಬ್ಬನೇ: ಬಸವೇಶ್ವರನಗರದ ಪಾರ್ಕಿನ ಪಕ್ಕ ತರಕಾರಿ ಗಾಡಿ ನಿಲ್ಲಿಸುವ ಅವಳ ಅಣ್ಣ ಬೈರಯ್ಯ. ಆ ಕವರು ಬಸವೇಶ್ವರನಗರದಿಂದ ತೇಲಿ ಬಂತೋ, ಅವಳೇ ಹಿಂದಿನ ವಾರ ಬದನೆಕಾಯಿ ತುಂಬಿಸಿಕೊಂಡು ಬಂದು ಬಿಸಾಕಿದ್ದೋ ಖಚಿತವಾಗಿ ಹೇಳಲಾಗದು. ಅವಳು ಮಾತ್ರ ಮಾರನೆಯ ದಿನವೇ ಅದನ್ನು ಹಿಡಿದುಕೊಂಡು ಗಾಡಿಯ ಮುಂದೆ ನಿಂತಳು.

"ಅಣ್ಣ, ನಿನ್ನ ಕವರು ನಮ್ಮನೆಗೆ ಬಂದಿತ್ತು."

"ಬಂದಿದ್ರೆ ಕಾಫಿ ಕೊಟ್ಟು ಕಳಿಸೋದಲ್ವೇನೇ ಗಂಗಿ."

"ತಮಾಷೆ ಬೇಡ. ಕವರು ಕೊಡೋದು ಬಿಡು."

"ಬಿಟ್ರೆ? ಟೊಮೆಟೊನ ಗಿರಾಕಿಗಳು ಬಾಯಲ್ಲಿ ಕಚ್ಕೊಂಡು ಹೋಗ್ತಾರಾ?"

"ನಾನು ಬಟ್ಟೆ ಚೀಲ ಹೊಲ್ಕೊಡ್ತೀನಿ. ಎಲ್ರಿಗೂ ಸುಮ್ನೆ ಕೊಡು."

ಬೈರಯ್ಯ ತಕ್ಕಡಿಯನ್ನು ಕೆಳಗಿಟ್ಟು ಯೋಚಿಸಿದ. "ಒಂದೇ ಒಂದು ಭಾನುವಾರ ನೋಡೋಣ. ನೂರಿಪ್ಪತ್ತು ಚೀಲ ತಾ. ಚೀಲದ ದೆಸೆಯಿಂದ ಒಬ್ಬ ಗಿರಾಕಿನೂ ಪಕ್ಕದ ಗಾಡಿಗೆ ಹೋಗ್ಲಿಲ್ಲ ಅಂದ್ರೆ, ಸೋಮವಾರದಿಂದ ನಾನು ಕವರು ಮುಟ್ಟಲ್ಲ. ಒಬ್ಬ ಹೋದ್ರೂ, ಗೌರಿ ಹಬ್ಬಕ್ಕೆ ಬಂದಾಗ್ಲೂ ಕವರಿನ ವಿಷಯಕ್ಕೆ ನೀನು ಬಾಯಿ ತೆಗೀಬಾರದು."

ಬಾಯಿ ಮುಚ್ಚಿಕೊಂಡಿರುವುದು ಚಿಕ್ಕಗಂಗಮ್ಮನಿಗೆ ಕಷ್ಟ. ಮಳೆ ಬಂದಾಗಲೆಲ್ಲ ಹಾಸಿಗೆಯನ್ನು ಬೀರುವಿನ ಮೇಲೆ ಏರಿಸುವುದು ಅದಕ್ಕಿಂತ ಕಷ್ಟ. ಒಪ್ಪಿಕೊಂಡಳು.

ಬಟ್ಟೆಗೆ ಬರ ಇರಲಿಲ್ಲ. ಬಣ್ಣ ಸರಿಯಿಲ್ಲವೆಂದು ತೆಗೆದಿಟ್ಟ ನೀಲಿ ಚೌಕಳಿಯ ತುಂಡುಗಳು ಕಾಮಾಕ್ಷಿಪಾಳ್ಯದಲ್ಲಿ ಮೂಟೆಗಟ್ಟಲೆ ಸಿಗುತ್ತವೆ. ಆಳಿಗೂ ಬರ ಇರಲಿಲ್ಲ. ಅದೇ ಲೈನಿನಲ್ಲಿ ಕೂರುವ ಶಂಕ್ರವ್ವ ಬಂದಳು. ಕೊಪ್ಪಳದ ಕಡೆಯವಳು, ಶರ್ಟಿನ ಎರಡು ಪಕ್ಕ ಜೋಡಿಸುವುದು ಅವಳ ಕೆಲಸ. ವತ್ಸಲಾ ಬಂದಳು, ಅವಳದು ಕೆಳಗಿನ ಅಂಚು ಮಡಚಿ ಹೊಲಿಯುವ ಕೆಲಸ. ಶನಿವಾರ ಮಧ್ಯಾಹ್ನ ಮೂವರ ಮಿಷನ್ನುಗಳೂ ಚಿಕ್ಕಗಂಗಮ್ಮನ ಹಜಾರಕ್ಕೆ ಬಂದವು. ಶಂಕ್ರವ್ವ ಪಕ್ಕ ಜೋಡಿಸುವುದು, ಚಿಕ್ಕಗಂಗಮ್ಮ ಬಾಯಿ ಮಡಚಿ ಹಿಡಿ ಕೂರಿಸುವುದು, ಕೆಳಗಿನದು ವತ್ಸಲಾಗೆ. ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಮೇಲೆ ನಿಂತು ಕೂಗುವವರಿಲ್ಲದ ಹೊಲಿಗೆ ಅವರಿಗೆ ಅದೇ ಮೊದಲು. ಶಂಕ್ರವ್ವ ಸೂಪರ್‌ವೈಸರನ ನಡಿಗೆ ನಡೆದು ತೋರಿಸಿದಳು. ವತ್ಸಲಾ ಹೊಟ್ಟೆ ಹಿಡಿದುಕೊಂಡು ಮಿಷನ್ನಿನ ಮೇಲೆ ತಲೆಯಿಟ್ಟಳು.

"ಗಂಗಕ್ಕ, ಇದರ ಬಾಯಿಗೆ ಕಾಲರ್ ಹಚ್ಚೀರಿ ಮತ್ತ," ಎಂದಳು ಶಂಕ್ರವ್ವ.

"ಕೈ ಅದೇ ಕಡೆ ಹೋಗ್ತಾ ಇದೆ ಕಣೇ. ಎರಡಕ್ಕೆ ಹಚ್ಚೇಬಿಟ್ಟಿದ್ದೆ, ಬಿಚ್ಚಿದೆ."

"ಬಿಚ್ಚಬಾರ್ದಿತ್ತರೀ. ಬದನೀಕಾಯಿ ಟೈ ಕಟ್ಕೊಂಡು ಹೋಗ್ತಿತ್ತು."

ಸಂಜೆ ಆರಕ್ಕೆಲ್ಲ ಮುಗಿಯಿತು. ವತ್ಸಲಾ ಮುಗಿಸಿದ ಹಾಗೆಯೇ ಚಪ್ಪಟೆಯಾಗಿ ಮಡಚಿ, ಹನ್ನೆರಡರಂತೆ ಕಟ್ಟಿ, ಹತ್ತು ಕಟ್ಟು ಮಾಡಿಟ್ಟಳು. ಇಸ್ತ್ರಿ ಪೆಟ್ಟಿಗೆ ಕೂಡ ಆಡಿತು. ಅಷ್ಟು ಚಂದದ ಚೀಲವನ್ನು ಯಾವ ಅಂಗಡಿಯಲ್ಲೂ ನೋಡಿರಲಿಲ್ಲ ಎಂದು ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೂವರೂ ಗಾಡಿಯ ಪಕ್ಕ ನಿಂತಿದ್ದರು. ವಾಕಿಂಗ್ ಮುಗಿಸಿ ಬಂದವರಿಗೆಲ್ಲ ಒಂದೊಂದು ಚೀಲ ಕೊಟ್ಟರು. "ಎಷ್ಟಮ್ಮಾ" ಎಂದವರಿಗೆ "ಸುಮ್ನೆ ಸಾರ್, ಕವರು ಬಿಡಿ ಸಾಕು" ಎಂದರು. ಮಡಚಿದ್ದನ್ನು ಮಡಚಿದ ಹಾಗೆಯೇ ಕಂಕುಳಲ್ಲಿಟ್ಟುಕೊಂಡು ಜನ ಮನೆಯ ಕಡೆ ಹೋದರು. ಅರ್ಧ ಗಂಟೆಯಲ್ಲಿ ಮೂರು ಕಟ್ಟು ಖಾಲಿ. ಚಿಕ್ಕಗಂಗಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತರಕಾರಿಗೆ ಮೊದಲು ಬಂದವರು ಎದುರು ಮನೆಯ ಸುವರ್ಣಾ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಎರಡು ಕೆಜಿ ಟೊಮೆಟೊ ಎಂದರು. ಬೈರಯ್ಯ ತೂಗಿದ. ಸುವರ್ಣಾ ಚೀಲದ ಬಾಯಿ ಅಗಲಿಸಿ ಹಿಡಿದರು. ಬೈರಯ್ಯ ತಕ್ಕಡಿಯ ತಟ್ಟೆಯನ್ನು ಬಗ್ಗಿಸಿದ.

ಟೊಮೆಟೊ ಮೇಲಿಂದ ಒಳಗೆ ಹೋಗಿ ಕೆಳಗಿಂದ ಹೊರಗೆ ಬಂತು. ನಡುವೆ ಒಂದು ಕ್ಷಣವೂ ನಿಲ್ಲಲಿಲ್ಲ. ಸುವರ್ಣಾ ಅವರ ಚಪ್ಪಲಿಯ ಮೇಲೆ ಪುಟಿದು, ಇಳಿಜಾರು ಹಿಡಿದು, ಒಂದರ ಹಿಂದೆ ಒಂದು ರಸ್ತೆಯುದ್ದಕ್ಕೂ ಉರುಳಿಕೊಂಡು ಹೋಯಿತು. ಒಂದು ಸ್ಕೂಟರು ಎರಡನ್ನು ಅರೆದು ಮುಂದೆ ಸಾಗಿತು.

ಬೈರಯ್ಯ ಚೀಲವನ್ನು ಕೈಗೆ ತೆಗೆದುಕೊಂಡ. ಬಾಯಿ ಅಗಲಿಸಿ ಕಣ್ಣಿಗೆ ಹಿಡಿದ, ದುರ್ಬೀನಿನಲ್ಲಿ ನೋಡುವ ಹಾಗೆ.

"ಗಂಗಿ, ನೀನು ಕಾಣ್ತಾ ಇದೀಯ," ಎಂದ.

ಇನ್ನೊಂದು ಚೀಲ ಬಿಡಿಸಿದ. ಅದರಲ್ಲೂ ಅವಳು ಕಂಡಳು. ಮೂರನೆಯದರಲ್ಲಿ ಶಂಕ್ರವ್ವ ಕಂಡಳು.

ಶರ್ಟಿನ ಕೆಳಗಿನ ಅಂಚನ್ನು ಮಡಚಿ ಹೊಲಿಯುತ್ತಾರೆ, ಮುಚ್ಚುವುದಿಲ್ಲ. ಮುಚ್ಚಿದರೆ ಮನುಷ್ಯ ತೊಡುವುದು ಹೇಗೆ? ವತ್ಸಲಾ ನೂರಿಪ್ಪತ್ತು ಚೀಲದ ಕೆಳಗಿನ ಅಂಚನ್ನೂ ಹಾಗೆಯೇ ಸುತ್ತಲೂ ಮಡಚಿ, ನೂಲು ಹಿಡಿದಂತೆ ಹೊಲಿದಿದ್ದಳು.

"ವತ್ಸಲಾ, ಏನೇ ಇದು?"

"ಏನಿದು ಅಂದ್ರೆ? ಅಂಚು. ಒಂದು ಹೊಲಿಗೆ ಸೊಟ್ಟ ಇದ್ರೆ ತೋರ್ಸಿ ನೋಡೋಣ."

"ಸೊಟ್ಟ ಇಲ್ಲ ಕಣೇ. ತಳವೇ ಇಲ್ಲ."

"ತಳ ನನ್ನ ಕೆಲಸ ಅಂತ ಯಾರು ಹೇಳಿದ್ರು? ಪಕ್ಕ ಜೋಡಿಸೋದು ಶಂಕ್ರವ್ವಂದು, ಅವಳು ತಳಾನೂ ಜೋಡಿಸಬೇಕಿತ್ತು."

"ನನ್ನ ಎರಡೂ ಪಕ್ಕ ಜಗ್ಗಿ ನೋಡ್ರಿ," ಎಂದಳು ಶಂಕ್ರವ್ವ. "ಎತ್ತು ಕಟ್ಟಿದ್ರೂ ಹರಿಯೂದಿಲ್ಲ."

ಮೂವರೂ ತಂತಮ್ಮ ಹೊಲಿಗೆಯನ್ನು ಎತ್ತಿ ತೋರಿಸಿದರು. ಯಾವುದರಲ್ಲೂ ಹುಳುಕಿರಲಿಲ್ಲ. ಚೆಕ್ಕಿಂಗ್ ಟೇಬಲ್ಲಿಗೆ ಮಾತ್ರ ಯಾರನ್ನೂ ಕೂರಿಸಿರಲಿಲ್ಲ.

ಮೊದಲು ನಕ್ಕವಳು ಶಂಕ್ರವ್ವ. ಆಮೇಲೆ ಯಾರು ಎಂದು ಹೇಳುವುದು ಕಷ್ಟ. ಚಿಕ್ಕಗಂಗಮ್ಮ ಗಾಡಿಯ ಚಕ್ರ ಹಿಡಿದುಕೊಂಡು ಕುಕ್ಕರಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ನೀರಿನ ಪರದೆಯಲ್ಲೇ ಎರಡು ಸಂಗತಿ ಕಂಡಳು. ಸಾಲಿನಲ್ಲಿ ನಿಂತಿದ್ದ ಛತ್ರಿ ಹಿಡಿದ ಗಂಡಸೊಬ್ಬ ತಲೆಯಾಡಿಸುತ್ತ ಪಕ್ಕದ ಗಾಡಿಗೆ ಹೋದ. ಬೈರಯ್ಯನ ಕೈ ಗೋಣಿ ತಾಟಿನ ಕೆಳಗೆ ಹೋಯಿತು. ಗುಲಾಬಿ ಕವರಿನ ದಪ್ಪ ಕಟ್ಟೊಂದನ್ನು ಅವನು ಅಲ್ಲಿ ಇಟ್ಟೇ ಇದ್ದ.

ಅವಳ ನಗು ನಿಂತಿತು. ಎದ್ದವಳೇ ಕಟ್ಟನ್ನು ಕಿತ್ತುಕೊಂಡು, ಫುಟ್‌ಪಾತಿನ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟಳು.

"ಏಳೇ. ಗಿರಾಕಿ ಕಾಯ್ತಾವ್ರೆ."

"ಏಳಲ್ಲ. ಪಾಪಮ್ಮಾ, ಒಂದು ಸೂಜಿ ಕೊಡಿ."

ಪಕ್ಕದಲ್ಲಿ ಹೂ ಮಾರುವ ಪಾಪಮ್ಮನ ಹತ್ತಿರ ಸುಗಂಧರಾಜ ಪೋಣಿಸುವ ಉದ್ದುದ್ದ ಸೂಜಿಗಳಿದ್ದವು, ಹೂವಿನ ದಾರದ ಉಂಡೆಯೂ ಇತ್ತು. ಚಿಕ್ಕಗಂಗಮ್ಮ ಕವರಿನ ಕಟ್ಟಿನ ಮೇಲೆ ಕೂತೇ ಒಂದು ಚೀಲದ ತಳ ಮುಚ್ಚಿದಳು. ಕೈಹೊಲಿಗೆ ಬಿಟ್ಟು ವರ್ಷಗಳೇ ಆಗಿದ್ದರಿಂದ ಅದು ಹಾವು ಹರಿದ ಹಾಗಿತ್ತು. ಉಳಿದ ಟೊಮೆಟೊವನ್ನು ಬೈರಯ್ಯ ಅನುಮಾನದಿಂದ ಒಂದೊಂದೇ ಇಳಿಬಿಟ್ಟ. ನಿಂತಿತು.

"ನಂಗೂ ಒಂದು ಸೂಜಿ ಕೊಡಿ," ಎಂದರು ಸುವರ್ಣಾ, ಪಾರ್ಕಿನ ಕಟ್ಟೆಯ ಮೇಲೆ ಕೂರುತ್ತ. "ಬ್ಯಾಂಕಲ್ಲಿ ನೋಟಿನ ಕಟ್ಟು ಕಟ್ಟಿ ಕಟ್ಟಿ ಬೇಜಾರಾಗಿತ್ತು. ಒಂದು ತಳನಾದ್ರೂ ಹಾಕ್ತೀನಿ."

ಆಮೇಲೆ ನಡೆದದ್ದನ್ನು ಸಂತೆ ಎನ್ನಬೇಕೋ ಏನೋ ತಿಳಿಯದು. ಪಾಪಮ್ಮನ ಐದು ಸೂಜಿಯೂ ಹೊರಬಂದವು. ಕಟ್ಟೆಯ ತುಂಬ ಹೆಂಗಸರು, ನಡುನಡುವೆ ಟ್ರ್ಯಾಕ್ ಪ್ಯಾಂಟಿನ ಗಂಡಸರು, ಎಲ್ಲರೂ ತಮ್ಮ ತಮ್ಮ ಚೀಲದ ತಳ ಹೊಲಿಯುವವರೇ. ಮಡಚಿದ ಚೀಲ ಹಿಡಿದು ಮನೆಗೆ ಹೋಗಿದ್ದವರೂ ಒಬ್ಬೊಬ್ಬರಾಗಿ ವಾಪಸು ಬಂದರು. ಒಬ್ಬರು ಅದರೊಳಗೆ ತಲೆ ತೂರಿಸಿ, "ಅಮ್ಮಾ, ನನ್ನ ಸೈಜಿಂದು ಇಲ್ವಾ?" ಎಂದು ಕೇಳುತ್ತಲೇ ಬಂದರು.

"ತೋಳು ಬೇರೆಯವ್ರು ಹಾಕ್ತಾರೆ ಸಾರ್," ಎಂದಳು ವತ್ಸಲಾ, ಮುಖ ಒಂದಿಷ್ಟೂ ಸಡಿಲಿಸದೆ. "ನಂದು ಅಂಚು ಮಾತ್ರ."

ಹನ್ನೆರಡರ ಹೊತ್ತಿಗೆ ಗಾಡಿಯಲ್ಲಿ ನಾಲ್ಕು ಬಾಡಿದ ಮೂಲಂಗಿ ಉಳಿದಿತ್ತು. ಎಷ್ಟು ಚೀಲಕ್ಕೆ ತಳ ಬಿತ್ತು ಎಂಬುದರಲ್ಲಿ ಎರಡು ಮಾತಿದೆ. ತೊಂಬತ್ತರ ಆಸುಪಾಸು ಎಂದಿಟ್ಟುಕೊಳ್ಳೋಣ. ಒಂದು ಗುಲಾಬಿ ಕವರೂ ಹೊರಗೆ ಬಂದಿರಲಿಲ್ಲ. ಚಿಕ್ಕಗಂಗಮ್ಮ ಅಷ್ಟು ಹೊತ್ತೂ ಆ ಕಟ್ಟಿನ ಮೇಲಿಂದ ಎದ್ದಿರಲಿಲ್ಲ. ಕಾಲು ಜೋಮು ಹಿಡಿದಿತ್ತು. ಅಣ್ಣ ಗಾಡಿ ಒರೆಸಿ, ತಕ್ಕಡಿ ತೊಳೆದು, ಕೊನೆಗೆ ಅವಳ ಎದುರು ಬಂದು ನಿಂತ.

ಹೇಳಬೇಕಾದದ್ದನ್ನು ಅವಳೇ ಮೊದಲು ಹೇಳಿದಳು. ಸುಳ್ಳಾಡುವುದು ಅವಳಿಂದ ಆಗುತ್ತಿರಲಿಲ್ಲ.

"ಒಬ್ಬ ಹೋದ ಅಣ್ಣ. ಛತ್ರಿಯವನು. ನಾನು ನೋಡಿದೆ."

"ನಾನೂ ನೋಡಿದೆ."

"ಹಂಗಾದ್ರೆ ನೀನೇ ಗೆದ್ದೆ. ಇನ್ಮೇಲೆ ನಾನು ಬಾಯಿ ಬಿಡಲ್ಲ."

ಬೈರಯ್ಯ ಕಿವಿ ಕೆರೆದುಕೊಂಡ. ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ.

"ಅವನು ಗಿರಾಕಿ ಅಲ್ಲ ಕಣೇ," ಎಂದ. "ದಿನಾ ಬಂದು ಬೆಲೆ ಕೇಳಿ ಹೋಗೋ ಆಸಾಮಿ. ಒಂದು ಹಸಿಮೆಣಸಿನಕಾಯಿನೂ ತಗೊಂಡವನಲ್ಲ. ಅವನನ್ನ ಲೆಕ್ಕಕ್ಕೆ ತಗೊಳೋಕಾಗಲ್ಲ. ಏಳು, ಆ ಕಟ್ಟನ್ನ ತಂದ ಅಂಗಡಿಗೇ ವಾಪಸ್ ಕೊಟ್ಟು ಬರ್ತೀನಿ."

ಏಳಲು ಹೋದ ಚಿಕ್ಕಗಂಗಮ್ಮ ಜೋಮು ಹಿಡಿದ ಕಾಲಿನಿಂದಾಗಿ ಮತ್ತೆ ಕಟ್ಟಿನ ಮೇಲೇ ಕುಸಿದು ಕೂತಳು. ಶಂಕ್ರವ್ವ, ವತ್ಸಲಾ ಒಂದೊಂದು ಕೈ ಹಿಡಿದು ಎಳೆದರು. ಮೂವರೂ ಮತ್ತೆ ನಗಲು ಶುರುಮಾಡಿದರು. ಬೈರಯ್ಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹಿಂತಿರುಗಿ ನೋಡದೆ ನಡೆದ. ಸೋಮವಾರದಿಂದ ಅವನ ಗಾಡಿಯಲ್ಲಿ ಕವರು ಇಲ್ಲ.

ಛತ್ರಿ ಹಿಡಿದ ಆ ಮನುಷ್ಯ ನಿಜವಾಗಿಯೂ ಬರೀ ಬೆಲೆ ಕೇಳಿ ಹೋಗುವವನೋ, ಅಥವಾ ಅಂದು ಟೊಮೆಟೊ ಕೊಳ್ಳಲೆಂದೇ ಬಂದಿದ್ದನೋ ಗೊತ್ತಿಲ್ಲ. ಚಿಕ್ಕಗಂಗಮ್ಮ ಅಣ್ಣನನ್ನು ಕೇಳಿಲ್ಲ. ಬೈರಯ್ಯ ಹೇಳಿಲ್ಲ.