ಯು.ಕೆ.ಜಿ. ಫೋಟೋ

ಫೋಟೋ ತೆಗೆಯುವ ಹೊತ್ತಿಗೆ ಹೇಳಿಬಿಡಬೇಕಂತೆ. ಟೀಚರಾಗುವುದೋ, ಅಸಿಸ್ಟೆಂಟಾಗಿಯೇ ಇರುವುದೋ. ಜೀವಿತಾ ಒಂದು ಮಗುವಿನ ಮೂಗು ಒರೆಸಿದಳು. ಎಂ.ಎ., ಬಿ.ಎಡ್. ಮಾಡಿದ ಕೈ. ಕೈಗೇನೂ ಬೇಜಾರಿರಲಿಲ್ಲ.

ತಮಿಳುನಾಡಿನ ಮಾರಂಡಹಳ್ಳಿಯ ಆ ಖಾಸಗಿ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಸುತ್ತಲ ಹಳ್ಳಿಯವು; ಮನೆಮಾತು ಕನ್ನಡ ಬಿಟ್ಟು ಬೇರೆ ಬಾರದು. ಟೀಚರ್ ಮುಂದೆ ನಿಂತು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಜೀವಿತಾ ಹಿಂದಿನಿಂದ ಬಗ್ಗಿ ಅವುಗಳ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಟೀಚರ್ ಕನ್ನಡ ಆಡಕೂಡದು, ಶಾಲೆಯ ಕಟ್ಟಳೆ. ಅಸಿಸ್ಟೆಂಟ್ ಏನು ಪಿಸುಗುಟ್ಟಿದರೂ ಕೇಳುವವರಿಲ್ಲ. ಕೇಳುವವರಿಲ್ಲ ಎಂಬುದೇ ಅವಳಿಗೆ ಸುಖವಾಗಿತ್ತು.

ಟೀಚರ್ ಮದುವೆಯಾಗಿ ಎಡಪ್ಪಾಡಿಗೆ ಹೋದ ಮೇಲೆ ಜಾಗ ಖಾಲಿಯಾಗಿತ್ತು; ಅದಕ್ಕೆ ಜೀವಿತಾಳನ್ನೇ ಕರೆದಿದ್ದರು. ಬೆಳಿಗ್ಗೆ ಡಬ್ಬಿಗೆ ಅನ್ನ ತುಂಬುತ್ತಾ ತಾಯಿ ಮುನಿಲಕ್ಷ್ಮಮ್ಮ ಹೇಳಿದ್ದಳು: "ಒಪ್ಕಳವ್ವ. ಎಷ್ಟ್ ದಿನಾಂತ ಇನ್ನೊಬ್ರ ಇಂದೆ ನಿಂತ್ಕಂತೀಯ?"

ಉತ್ತರವಿತ್ತು, ತಾಯಿಗೆ ಹೇಳುವಂಥದ್ದಲ್ಲ. ಮುಂದೆ ನಿಂತವಳನ್ನು ಎಲ್ಲರೂ ನೋಡುತ್ತಾರೆ. ನೋಡುವಂಥದ್ದು ತನ್ನಲ್ಲೇನಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಪುಕ್ಕಲಿ ಎಂದು ತನ್ನನ್ನೇ ಬೈದುಕೊಂಡು ನೋಡಿದಳು. ಬೈಗುಳವೂ ನಾಟಲಿಲ್ಲ.

ಅಂಗಳದಲ್ಲಿ ಬೆಂಚು ಜೋಡಿಸಿ ನಡುವೆ ಟೀಚರ್ ಕುರ್ಚಿ ಹಾಕಿದ್ದರು. ಶಾಲೆ ನಡೆಸುವ ಪ್ರಭಾಕರನ್ ಬಂದು, ಏನು ತೀರ್ಮಾನ ಮಾಡಿದೆಯಮ್ಮ ಎಂದು ತಮಿಳಿನಲ್ಲಿ ಕೇಳಿದರು.

"ಇದೇ ಪೋದುಂ ಸಾರ್."

ಇಷ್ಟೇ ಸಾಕು ಎಂಬ ಮಾತು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಅವರು ಒತ್ತಾಯಿಸಲಿಲ್ಲ, ಸೇಲಂನಿಂದ ಯಾರನ್ನಾದರೂ ಕರೆಸುವುದಾಗಿ ಹೇಳಿ ಹೋದರು. ಜೀವಿತಾಗೆ ಉಂಡೆದ್ದಷ್ಟು ನೆಮ್ಮದಿಯಾಯಿತು.

ಹಿಂದಿನ ಬೆಂಚಿನ ಮೇಲೆ ನಿಂತ ಪುಟ್ಟ ರೋಜಾ ನಡುಗತೊಡಗಿದಳು. "ಮಿಸ್, ಬಿದ್ದೋಯ್ತೀನಿ."

"ನಾನ್ ಇಡ್ಕಂಡಿವ್ನಿ, ಸುಮ್ಕಿರು." ಜೀವಿತಾ ಬೆಂಚಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಅವಳ ಸೊಂಟ ಹಿಡಿದಳು. ಫೋಟೋದವನು ತಲೆ ತಗ್ಗಿಸಲು ಹೇಳಿದ. ತಗ್ಗಿಸಿದಳು.

ಆಮೇಲೆ ಅವನು ಕ್ಯಾಮೆರಾದಲ್ಲಿ ತೋರಿಸಿದ. ಎಲ್ಲರೂ ಚೆನ್ನಾಗಿಯೇ ಬಂದಿದ್ದರು. ಕುರ್ಚಿ ಖಾಲಿ. ರೋಜಾ ನಗುತ್ತಿದ್ದಳು, ಅವಳ ಸೊಂಟದ ಎರಡೂ ಬದಿಗೆ, ಯಾರದೂ ಅಲ್ಲದ ಬೆರಳುಗಳು ಬಿಗಿಯಾಗಿ ಹಿಡಿದುಕೊಂಡಿದ್ದವು.

ಕಂಪ್ಯೂಟರಿನಲ್ಲಿ ಅವನ್ನು ಅಳಿಸಿಬಿಡುತ್ತೇನೆ ಎಂದ ಫೋಟೋದವನು. ಭಯಪಡಬೇಡಿ, ಅಳಿಸಿದರೂ ಮಗು ಬೀಳುವುದಿಲ್ಲ ಎಂದು ನಕ್ಕ.

ಜೀವಿತಾಳೂ ನಕ್ಕಳು.