ದೊಡ್ಡೋನು, ಚಿಕ್ಕೋನು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪ್ರಾಣಿಗಳ ಮೇಲಲ್ಲ, ಅವುಗಳನ್ನು ಎತ್ತಿಕೊಂಡು ಬರುವವರ ಮೇಲೆ. ಆ ದಿನ ಕ್ಲಿನಿಕ್ಕಿನ ಬಾಗಿಲು ತೆರೆದು ಕೂರುವ ಮೊದಲೇ ಬಿಳಿ ಬೆಕ್ಕಿನ ಹೆಂಗಸೊಬ್ಬಳು ಮೊಬೈಲಿನಲ್ಲಿದ್ದ ಲಸಿಕೆ ಚೀಟಿಯ ಫೋಟೋವನ್ನು ನನ್ನ ಮುಖಕ್ಕೆ ಹಿಡಿದಿದ್ದಳು.

"ಪಕ್ಕದ ಮನೆ ನಾಯಿಗೆ ಏನೇನು ಲಸಿಕೆ ಹಾಕಿದ್ದೀರೋ ಅಷ್ಟೂ ನಮ್ಮ ಬೆಕ್ಕಿಗೂ ಇವತ್ತೇ ಹಾಕಿಬಿಡಿ ಡಾಕ್ಟ್ರೇ. ಮತ್ತೆ ಮತ್ತೆ ಯಾರು ಬರ್ತಾರೆ?"

"ಅಮ್ಮಾ, ನಿಮ್ಮ ಯಜಮಾನರ ಚಪ್ಪಲಿ ನಿಮಗೆ ಆಗುತ್ತಾ?"

"ಆಗುತ್ತಲ್ಲ. ಇಬ್ಬರದೂ ಒಂದೇ ಸೈಜು."

ಹೋಲಿಕೆ ಕೈಕೊಟ್ಟಿತು. ಆದರೂ ಬಿಡಲಿಲ್ಲ. ನಾಯಿಗೆ ಬರುವ ರೋಗಗಳೇ ಬೇರೆ, ಬೆಕ್ಕಿಗೆ ಬರುವವೇ ಬೇರೆ. ಹೊಸ್ತಿಲು ದಾಟದ ಬೆಕ್ಕಿಗೆ ಒಂದು ಲೆಕ್ಕ, ಊರು ಸುತ್ತುವುದಕ್ಕೆ ಇನ್ನೊಂದು. ತಾಯಿ ಹಾಲು ಬಿಟ್ಟು ಎಷ್ಟು ದಿನವಾಯಿತು, ಮೈ ಬಿಸಿಯಾಗಿದೆಯೇ, ಮನೆಯಲ್ಲಿ ಇನ್ನೆಷ್ಟು ಪ್ರಾಣಿಗಳಿವೆ, ಇಷ್ಟನ್ನೂ ನೋಡಿದ ಮೇಲೆ ಯಾವ ಲಸಿಕೆ, ಯಾವಾಗ ಎಂದು ತೀರ್ಮಾನ. ರೇಬೀಸಿನದೊಂದನ್ನು ಮಾತ್ರ ಯಾರಿಗೂ ತಪ್ಪಿಸುವ ಹಾಗಿಲ್ಲ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು.

ಬಂದವರು ನಮ್ಮ ಟೈಲರಮ್ಮ ಮತ್ತು ಅವಳ ಗಂಡ. ನಾನು ತೊಟ್ಟಿದ್ದ ಬಿಳಿ ಕೋಟು ಅವಳ ಕೈಯಲ್ಲೇ ಹೊಲಿದದ್ದು. ಗಂಡ ಸಿಟಿ ಬಸ್ಸಿನ ಡ್ರೈವರು, ಇನ್ನೂ ಯೂನಿಫಾರ್ಮಿನಲ್ಲೇ ಇದ್ದ. ಇಬ್ಬರೂ ಕಂಬಳಿಯ ಒಂದೊಂದು ತುದಿ ಹಿಡಿದಿದ್ದರು. ನಡುವೆ ಅವರ ಕಂದು ನಾಯಿ ಜೋತು ಬಿದ್ದಿತ್ತು, ಮೂತಿಯೆಲ್ಲ ರಕ್ತ.

"ಯಾವುದೋ ನಾಯಿ ಅಂಗಳಕ್ಕೆ ನುಗ್ಗಿ ಕಚ್ಚಿಬಿಡ್ತು ಡಾಕ್ಟ್ರಮ್ಮ," ಎಂದಳು ಟೈಲರಮ್ಮ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ. "ಬಾಯಲ್ಲಿ ಜೊಲ್ಲು. ಗೇಟಿನ ಕಬ್ಬಿಣ ಕಚ್ತಾ ಇತ್ತು. ನಾಯಿ ಹಿಡಿಯೋರು ಬಂದು ಬಲೆ ಹಾಕ್ಕೊಂಡು ಹೋದ್ರು."

ಬೆಕ್ಕಿನ ಹೆಂಗಸನ್ನು ಆಚೆ ಕೂರಿಸಿ, ಕೈಗವಸು ಹಾಕಿಕೊಂಡು, ನಾಯಿಯ ಗಾಯವನ್ನು ಸೋಪು ನೀರಿನಲ್ಲಿ ತೊಳೆಯತೊಡಗಿದೆ. ಮನೆಯಲ್ಲಿ ಯಾರು ತೊಳೆದಿರಿ ಎಂದೆ. ಟೈಲರಮ್ಮ ತನ್ನ ಕೈ ಚಾಚಿದಳು. ಬೆರಳ ತುದಿಗಳ ತುಂಬ ಹೊಲಿಗೆಯ ಸೂಜಿ ಚುಚ್ಚಿದ ಗಾಯಗಳು.

"ಬರಿಗೈಲಿ ತೊಳೆದ್ಯಾ? ನಿಂಗೆ ಬುದ್ಧಿ ಇದೆಯಾ? ಆ ನಾಯಿಯ ಜೊಲ್ಲು ಗಾಯದಲ್ಲಿರುತ್ತೆ. ಇಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋಗು, ನಿಂಗೂ ಸೂಜಿ ಆಗಬೇಕು. ಮನೇಲಿ ಪುಟ್ಟ ಮೊಮ್ಮಗಳಿದ್ದಾಳಲ್ಲ, ಅವಳು ಮುಟ್ಟಿದ್ಲಾ?"

"ಇಲ್ಲ, ಅವಳು ಒಳಗೆ ಮಲಗಿದ್ಲು."

ಅದೊಂದು ಪುಣ್ಯ. ಅಷ್ಟರಲ್ಲಿ ಫೋನು ಬಂತು. ಹಿಡಿದ ನಾಯಿಗಳನ್ನಿಡುವ ದೊಡ್ಡಿಯ ಡಾಕ್ಟರು, ನನ್ನ ಹಳೆಯ ಸಹಪಾಠಿ. "ಬಲೆಯಲ್ಲೇ ಸತ್ತಿತು. ತಲೆ ಲ್ಯಾಬಿಗೆ ಕಳಿಸ್ತಾ ಇದ್ದೀನಿ. ಆದರೆ ನಂಗೆ ಅನುಮಾನವೇ ಇಲ್ಲ, ರೇಬೀಸೇ. ಅದು ಕಚ್ಚಿದ ನಾಯಿ ನಿನ್ನ ಹತ್ರ ಬಂದಿದ್ರೆ ಹುಷಾರು."

ಫೋನಿಟ್ಟು ಇಬ್ಬರ ಮುಖವನ್ನೂ ನೋಡಿದೆ. ಈ ನಾಯಿಯ ಪ್ರಾಣ ಈಗ ಒಂದೇ ಒಂದು ಮಾತಿನ ಮೇಲೆ ನಿಂತಿತ್ತು. ಮೊದಲೇ ಲಸಿಕೆ ಆಗಿದ್ದರೆ ಇನ್ನೊಂದು ಸೂಜಿ ಕೊಟ್ಟು, ಒಂದೂವರೆ ತಿಂಗಳು ಮನೆಯಲ್ಲೇ ಕಟ್ಟಿಹಾಕಿ ಕಣ್ಣಿಟ್ಟರೆ ಸಾಕು. ಆಗಿರದಿದ್ದರೆ ಮುಂದಿನ ದಾರಿ ಎರಡೇ, ಎರಡೂ ಬಾಯಿಬಿಟ್ಟು ಹೇಳುವಂಥವಲ್ಲ.

"ಗಾಬರಿ ಬೇಡ," ಎಂದೆ. ನನಗೆ ನೆನಪಿತ್ತು. ಬೀದಿ ನಾಯಿಯೊಂದು ಇವರ ಮೆಟ್ಟಿಲ ಕೆಳಗೆ ಹಾಕಿದ ಮರಿಗಳಲ್ಲಿ ಇವರು ಎರಡನ್ನು ಉಳಿಸಿಕೊಂಡಿದ್ದರು. ಒಂದೇ ಥಾನಿನಲ್ಲಿ ಕತ್ತರಿಸಿದ ಬಟ್ಟೆಯ ಹಾಗೆ ಎರಡೂ ಒಂದೇ ಕಂದು. ಇವುಗಳ ಹೆಸರು ಏನು ಎಂದಾಗ ಡ್ರೈವರು ನಕ್ಕು, "ಹೆಸರೆಲ್ಲ ಇಟ್ಟಿಲ್ಲ, ದೊಡ್ಡೋನು, ಚಿಕ್ಕೋನು ಅಷ್ಟೆ" ಎಂದಿದ್ದ. ರೇಬೀಸಿನ ಸೂಜಿಗೆ ಅವನೊಬ್ಬನೇ ಎರಡನ್ನೂ ತಂದ ದಿನ ಚಿಕ್ಕೋನಿಗೆ ಜ್ವರ ಇತ್ತು. ಜ್ವರದ ಮೈಗೆ ಲಸಿಕೆ ಬೇಡವೆಂದು ದೊಡ್ಡೋನಿಗೆ ಮಾತ್ರ ಹಾಕಿ, ಗುಣವಾದ ಮೇಲೆ ಚಿಕ್ಕೋನನ್ನು ತನ್ನಿ ಎಂದು ಕಳಿಸಿದ್ದೆ. ತಂದಿದ್ದರು ಕೂಡ. ಆ ವಾರ ನಾನು ರಜೆಯಲ್ಲಿದ್ದೆ, ನನ್ನ ಜಾಗದಲ್ಲಿ ಕೂತಿದ್ದ ಡಾಕ್ಟರು ಹಾಕಿದ್ದರು.

"ಇಬ್ಬರಿಗೂ ಆಗಿದೆ. ಬರ್ಕೋಬೇಕು, ಇವನು ಯಾರು?"

"ದೊಡ್ಡೋನು," ಎಂದಳು ಟೈಲರಮ್ಮ.

"ಚಿಕ್ಕೋನು," ಎಂದ ಡ್ರೈವರು.

ಇಬ್ಬರೂ ಒಟ್ಟಿಗೇ ಹೇಳಿದ್ದು. ನಾಯಿ ಕಣ್ಣು ತೆರೆದು ಇಬ್ಬರ ಕಡೆಗೂ ನೋಡಿತು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ?" ಹೆಂಡತಿ ರೇಗಿದಳು. "ಗಾಬರೀಲಿ ನಾಯಿಯ ಗುರುತೂ ಹತ್ತಲ್ವಾ? ಇಷ್ಟು ದಪ್ಪ ಇರೋದು ಯಾರು? ದೊಡ್ಡೋನು! ಚಳಿಗೆ ಅಂತ ಅಂಗಿ ಹೊಲಿದಾಗ ಇವನಿಗೆ ಅರ್ಧ ಮೀಟರ್ ಜಾಸ್ತಿ ಹಿಡೀತು."

"ದಪ್ಪ ಆದ್ರೆ ದೊಡ್ಡೋನು ಆಗಿಬಿಡ್ತಾನಾ? ಅವು ಹುಟ್ಟುವಾಗ ಮೆಟ್ಟಿಲ ಹತ್ರ ಕೂತಿದ್ದವನು ನಾನು ಕಣೇ. ಇವನು ಕೊನೇಲಿ ಹುಟ್ಟಿದೋನು. ತಿಂದು ತಿಂದು ಅಣ್ಣನ್ನ ಮೀರಿಸಿದ ಅಷ್ಟೆ. ಚಿಕ್ಕೋನು ಅಂದ್ರೆ ಇವನೇ. ಚಿಕ್ಕೋನೇ!"

ನಾಯಿ ಬಾಲ ಅಲ್ಲಾಡಿಸಿತು.

"ದೊಡ್ಡೋನೇ!" ಎಂದಳು ಟೈಲರಮ್ಮ, ಅಳು ಬೆರೆತ ದನಿಯಲ್ಲಿ. ಅದಕ್ಕೂ ಅಷ್ಟೇ ಪ್ರೀತಿಯಿಂದ ಬಾಲ ಅಲ್ಲಾಡಿಸಿತು.

ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ತಿನ್ನುತ್ತ, ಇವರಿಬ್ಬರೂ ಇಷ್ಟು ದಿನ ಒಂದೊಂದು ನಾಯಿಗೆ ಎರಡೆರಡು ಹೆಸರಿಟ್ಟುಕೊಂಡು ಬಾಳಿದ್ದರು. ಅವನಿಗೆ ದೊಡ್ಡೋನೆಂದರೆ ಮೊದಲು ಹುಟ್ಟಿದವನು. ಇಡೀ ದಿನ ಟೇಪು ಕೊರಳಿಗೆ ಹಾಕಿಕೊಂಡು ಓಡಾಡುವ ಅವಳಿಗೆ ದೊಡ್ಡೋನೆಂದರೆ ಅಳತೆಯಲ್ಲಿ ದೊಡ್ಡವನು. ನಾಯಿಗಳು ಮಾತ್ರ ಯಾರ ಬಾಯಲ್ಲಿ ತಾವು ಯಾರೆಂಬುದನ್ನು ಸರಿಯಾಗಿ ಕಲಿತಿದ್ದವು.

ನಾನು ಸಾಧ್ಯವಾದಷ್ಟು ಮೆಲ್ಲಗೆ ಕೇಳಿದೆ. "ಜ್ವರ ಬಂದಿದ್ದು ಯಾರಿಗೆ?"

"ಇವನಿಗೆ," ಎಂದ ಡ್ರೈವರು.

"ಆಮೇಲೆ ಸೂಜಿಗೆ ಕರ್ಕೊಂಡು ಬಂದಿದ್ದು ಯಾರು?"

"ನಾನು," ಎಂದಳು ಟೈಲರಮ್ಮ. "ಇವರಿಗೆ ಡ್ಯೂಟಿ ಇತ್ತು. ಚಿಕ್ಕೋನನ್ನ ಕರ್ಕೊಂಡು ಹೋಗಿ ಹಾಕಿಸ್ಕೊಂಡು ಬಾ ಅಂದ್ರು. ನಾನು ಚಿಕ್ಕೋನನ್ನೇ..."

ಅವಳ ಕೈ ಕೊರಳಿನ ಟೇಪನ್ನು ಹಿಡಿದುಕೊಂಡಿತು. ಮನೆಯಲ್ಲಿದ್ದವನಿಗೆ ಎರಡು ಸಲ ಆಗಿದೆ, ಮೇಜಿನ ಮೇಲೆ ಮಲಗಿದವನಿಗೆ ಒಂದು ಸಲವೂ ಆಗಿಲ್ಲ. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಯಾರನ್ನು ಬೈಯುವುದು? ಆ ದಿನ ಕುರ್ಚಿಯಲ್ಲಿ ನಾನೇ ಇದ್ದಿದ್ದರೂ ಚಿಕ್ಕೋನು ಎಂದವರಿಗೆ ಚಿಕ್ಕೋನೆಂದೇ ಹಾಕಿ ಕಳಿಸುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಕೋಪಕ್ಕೆ ಹೋಗಲು ಜಾಗವಿರಲಿಲ್ಲ.

ಎರಡು ದಾರಿಗಳನ್ನೂ ಹೇಳಿದೆ. ಒಂದು, ಈಗಲೇ ನೋವಿಲ್ಲದಂತೆ ಮುಗಿಸಿಬಿಡುವುದು. ಇನ್ನೊಂದು, ಈಗಲೇ ಲಸಿಕೆ ಕೊಟ್ಟು ನಾಲ್ಕು ತಿಂಗಳು ಯಾರೂ ಮುಟ್ಟದ ಹಾಗೆ ಒಂಟಿಯಾಗಿ ಕೂಡಿಹಾಕುವುದು. ರೋಗ ಒಳಗೆ ಇಳಿದಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಹೊರಬಿದ್ದರೆ ಮತ್ತೆ ಮೊದಲನೆಯ ದಾರಿಯೇ.

"ಮುಗಿಸಿಬಿಡಿ," ಎಂದ ಡ್ರೈವರು ಗೋಡೆ ನೋಡುತ್ತ. "ಮನೇಲಿ ಮಗು ಇದೆ."

"ತಪ್ಪು ಮಾಡಿದ್ದು ನಾನು," ಎಂದಳು ಹೆಂಡತಿ. "ಶಿಕ್ಷೆ ಅವನಿಗಾ?"

"ಹಾಗಾದ್ರೆ ಮಗೂನ ಎಲ್ಲಿಡ್ತೀಯಾ? ಹೇಳು!"

ನಾನು ಲಸಿಕೆಯ ಸೂಜಿಯನ್ನು ಕೈಗೆತ್ತಿಕೊಂಡೆ. "ಹಿಂದೆ ಎರಡು ಬಾಗಿಲಿನ ಕೋಣೆ ಇದೆ, ಒಳಗಿನದು ಕಂಬಿ ಬಾಗಿಲು. ನಾಲ್ಕು ತಿಂಗಳೂ ಇಲ್ಲೇ ಇರಲಿ. ಇಬ್ಬರೂ ಈಗ ಆಸ್ಪತ್ರೆಗೆ ನಡೀರಿ."

ಡ್ರೈವರು ಪ್ರತಿದಿನ ಡ್ಯೂಟಿ ಮುಗಿಸಿ ಬರುತ್ತಿದ್ದ. ಕಂಬಿಗಳಿಂದ ದೂರ ಸ್ಟೂಲು ಹಾಕಿ ಕೂತು, "ಚಿಕ್ಕೋನೇ, ಇವತ್ತು ಬಸ್ಸಿನ ತುಂಬ ಜನ ಕಣೋ" ಎಂದು ಶುರು ಮಾಡಿದರೆ ಊರ ಸುದ್ದಿಯೆಲ್ಲ ಹೇಳಿ ಏಳುತ್ತಿದ್ದ. ಟೈಲರಮ್ಮ ಬರಲಿಲ್ಲ. ಆಸ್ಪತ್ರೆಯ ಸೂಜಿಗಳೆಲ್ಲ ಮುಗಿದ ಮೇಲೂ ಬರಲಿಲ್ಲ. ಕೇಳಿದ್ದಕ್ಕೆ, "ಅವನಿಗೆ ಯಾವ ಮುಖ ತೋರಿಸಲಿ ಡಾಕ್ಟ್ರಮ್ಮ" ಎಂದು ಹೇಳಿ ಕಳಿಸಿದಳು. ಮನೆಯಲ್ಲಿ ದೊಡ್ಡೋನು ಎಂಬ ಪದವನ್ನೇ ಬಿಟ್ಟಿದ್ದಾಳೆ, ಇನ್ನೊಂದು ನಾಯಿಯನ್ನು ಬರೀ 'ಬಾ' 'ಹೋಗು' ಅಂತ ಕರೆಯುತ್ತಾಳೆ ಎಂದ ಗಂಡ.

ನನಗೋ ಪ್ರತಿ ಬೆಳಿಗ್ಗೆ ಆ ಕೋಣೆಯ ಹೊರಬಾಗಿಲು ತೆರೆಯುವುದೇ ಒಂದು ಶಿಕ್ಷೆಯಾಯಿತು. ಒಳಗೆ ಹೋಗುವ ಮೊದಲು ಕಿವಿಗೊಟ್ಟು ನಿಲ್ಲುತ್ತಿದ್ದೆ. ನೀರು ನೆಕ್ಕುವ ಸದ್ದು ಕೇಳಿದರೆ ಹೋದ ಜೀವ ಬಂದಂತಾಗುತ್ತಿತ್ತು. ಬೊಗಳಿದರೆ ದನಿ ಒಡೆದಿದೆಯೇ ಎಂದು ಅನುಮಾನ, ಬೊಗಳದಿದ್ದರೆ ಯಾಕೆ ಬೊಗಳಲಿಲ್ಲ ಎಂದು ಅನುಮಾನ. ಒಂದು ದಿನ ಅನ್ನ ಬಿಟ್ಟಿತು. ಆ ಸಂಜೆ ಮುಗಿಸುವ ಔಷಧಿ ತುಂಬಿದ ಸಿರಿಂಜನ್ನು ಟ್ರೇಯಲ್ಲಿಟ್ಟುಕೊಂಡು ಕೂತೆ. ನೋಡಿದರೆ ಡ್ರೈವರು ಕದ್ದು ಬಿಸ್ಕತ್ತು ಎಸೆದು ಹೊಟ್ಟೆ ತುಂಬಿಸಿದ್ದ. ಅವನಿಗೆ ಆ ದಿನ ನನ್ನಿಂದ ಸಿಕ್ಕ ಮಂಗಳಾರತಿ ಬೀದಿಗೆಲ್ಲ ಕೇಳಿಸಿರಬೇಕು.

ನಾಲ್ಕು ತಿಂಗಳ ಕೊನೆಯ ದಿನ ಟೈಲರಮ್ಮ ಬಂದಳು. ಗಂಡನೇ ಎಳೆದುಕೊಂಡು ಬಂದಿದ್ದ. ಇಳಿದು ಅರ್ಧವಾಗಿದ್ದಳು. ಬೆಳಿಗ್ಗೆಯಷ್ಟೇ ನಾಯಿಯನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದೆ, ಬಾಗಿಲು ತೆಗೆಯುವುದೊಂದೇ ಬಾಕಿ. ಒಳಬಾಗಿಲಿನ ಚಿಲಕಕ್ಕೆ ಕೈ ಹಾಕಿ, "ಮೊದಲು ನೀನು ಕರೆಯಮ್ಮ, ಎಷ್ಟು ದಿನ ಆಯ್ತು ನಿನ್ನ ದನಿ ಕೇಳಿ" ಎಂದೆ.

ಅವಳು ಗಂಟಲು ಸರಿಮಾಡಿಕೊಂಡಳು. "ಚಿಕ್ಕೋನೇ."

ನಾಯಿ ತಲೆಯೆತ್ತಿತು. ಬಾಲ ಅಲ್ಲಾಡಲಿಲ್ಲ.

"ಚಿಕ್ಕೋನೇ, ಬಾರೋ."

ನಾಯಿ ಅವಳನ್ನು ನೋಡಲೇ ಇಲ್ಲ. ತಿರುಗಿ ಕೋಣೆಯ ಮೂಲೆ ಕಡೆ ನೋಡಿತು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಇನ್ನೊಂದು ಮೂಲೆ ನೋಡಿ ಸಣ್ಣಗೆ ಮುಲುಗಿತು.

ನಾನು ಚಿಲಕದಿಂದ ಕೈ ತೆಗೆದೆ. ಮನೆಯವರ ದನಿಗೆ ಓಗೊಡದೆ, ಇಲ್ಲದ್ದನ್ನು ಹುಡುಕುವುದು ರೇಬೀಸಿನ ಲಕ್ಷಣವೆಂದು ನನಗೆ ಗೊತ್ತು. ಎಲ್ಲ ಮುಗಿಯಿತು ಎನ್ನುವ ದಿನವೇ ಹೀಗಾಗಬೇಕೇ? "ಹಿಂದೆ ಸರೀರಿ," ಎಂದೆ. "ಇಬ್ಬರೂ."

ಟೈಲರಮ್ಮ ಬಾಯಿಗೆ ಸೆರಗೊತ್ತಿಕೊಂಡಳು. ಡ್ರೈವರು ಮಾತ್ರ ಸರಿಯಲಿಲ್ಲ. ನಾಯಿಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಬದಲಾಯಿತು.

"ಅವನು ಅಣ್ಣನ್ನ ಹುಡುಕ್ತಾ ಇದಾನೆ ಡಾಕ್ಟ್ರಮ್ಮ. ಇವಳ ಬಾಯಲ್ಲಿ ಚಿಕ್ಕೋನು ಅಂದ್ರೆ ಅವನಲ್ಲ, ಅವನಣ್ಣ ಅಲ್ವಾ." ಹೆಂಡತಿಯ ಕಡೆ ತಿರುಗಿದ. "ನನ್ನ ಹೆಸರಲ್ಲಿ ಯಾಕೆ ಕರೀತೀಯಾ? ನಿನ್ನ ಹೆಸರಲ್ಲಿ ಕರಿ."

ಅವಳು ತಲೆ ಅಲ್ಲಾಡಿಸಿದಳು. "ಆ ಹೆಸರಿಂದಾನೇ ಅಲ್ವಾ ಇಷ್ಟೆಲ್ಲ ಆಗಿದ್ದು? ನನ್ನ ಬಾಯಲ್ಲಿ ಬರಲ್ಲರೀ."

"ಬರುತ್ತೆ. ಅವನು ನಿಂಗೆ ದೊಡ್ಡೋನೇ ಕಣೇ. ಕರಿ."

ಅವಳು ಸೆರಗು ಕೆಳಗಿಳಿಸಿದಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ದನಿ ಬಂತು.

"ದೊಡ್ಡೋನೇ."

ನಾಯಿ ಒಂದೇ ನೆಗೆತಕ್ಕೆ ಬಾಗಿಲಿಗೆ ಬಂದು, ಎರಡೂ ಮುಂಗಾಲು ಕಂಬಿಗಿಟ್ಟು ನಿಂತಿತು. ಬಾಲದ ಜೊತೆ ಇಡೀ ಮೈ ಅಲ್ಲಾಡುತ್ತಿತ್ತು. ನಾನು ಕಣ್ಣೊರೆಸಿಕೊಂಡು ಚಿಲಕ ತೆಗೆದೆ.