ಹಂಡೆಯಲ್ಲಿ ಉಳಿದ ದಾರ

ವಿಕ್ಟೋರಿಯಾ ರಾಣಿಗೆ ಮದುವೆಯಾದ ವರ್ಷ ನಾವು ಹದಿನಾಲ್ಕು ಮಂದಿ ರೈಲಿಗಾಗಿ ಯಾರ್ಕ್‌ಶೈರಿನ ಗುಡ್ಡ ಕೊರೆಯುತ್ತ ಕೆಜಾಯಾಳ ಮರದ ಶೆಡ್ಡಿನಲ್ಲಿದ್ದೆವು. ಅಷ್ಟೂ ಜನರ ಊಟಕ್ಕೆ ಅವಳಲ್ಲಿದ್ದದ್ದು ಒಂದೇ ಹಂಡೆ. ಬೆಳಿಗ್ಗೆ ಪ್ರತಿಯೊಬ್ಬನೂ ತನ್ನ ಮಾಂಸವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ದಾರದ ತುದಿಗೆ ಗುರುತಿನ ಕಡ್ಡಿ ಸಿಕ್ಕಿಸಿ ಕೊಡುತ್ತಿದ್ದ. ಸಂಜೆ ಬಂದು ಹಂಡೆಯಿಂದ ತನ್ನ ದಾರ ಎಳೆದುಕೊಳ್ಳುತ್ತಿದ್ದ.

ಸುರಂಗದಲ್ಲಿ ಮಣ್ಣು ಕುಸಿದ ಸಂಜೆ ಇಂಜಿನಿಯರ್ ಬ್ರೇತ್‌ವೇಟ್ ಸಾಹೇಬರು ಹಾಜರಿ ಪುಸ್ತಕ ನೋಡಿ, ಎಲ್ಲರೂ ಹೊರಬಂದಿದ್ದಾರೆ ಎಂದರು. ಆ ಪುಸ್ತಕ ಎಂದೂ ಸುರಂಗಕ್ಕೆ ಇಳಿದದ್ದಿಲ್ಲ. ಕೆಜಾಯಾ ಸೌಟು ಹಿಡಿದೇ ಓಡಿಬಂದಳು.

"ಜೇಬೆಜ್ ಒಳಗಿದಾನೆ ಸ್ವಾಮಿ. ಅವನ ದಾರ ಹಂಡೇಲೇ ಇದೆ."

"ಹೆಂಡದಂಗಡೀಲಿ ಬಿದ್ದಿರ್ತಾನೆ ಬಿಡಮ್ಮ. ನಾನು ಪುಸ್ತಕ ನಂಬ್ಲೋ, ನಿನ್ನ ಹಂಡೆ ನಂಬ್ಲೋ?"

"ಕುಡಿಯೋಕೆ ಹೋಗೋದಾದ್ರೂ ಉಂಡೇ ಹೋಗ್ತಾನೆ. ಇವತ್ತು ಹಂದಿಮಾಂಸ. ಏನ್ರೋ ನೋಡ್ತಾ ನಿಂತಿದೀರಾ, ಅಗೀರೋ!"

ನಾವು ಸಾಹೇಬರ ಅಪ್ಪಣೆಗೆ ಕಾಯಲಿಲ್ಲ. ನಾಳೆ ಊಟ ಹಾಕುವವಳು ಅವಳು. ಒಂದು ತಾಸಿಗೆ ಜೇಬೆಜ್ ಸಿಕ್ಕಿದ, ಜೀವಂತವಾಗಿ. ಮಾಂಸ ಬೆಂದು ಕರಗಿಹೋಯಿತೇ ಎಂದು ಮೊದಲು ಕೇಳಿದ. ಕರಗಿಹೋಗಿತ್ತು. ತಡವಾಗಿ ಬಂದದ್ದಕ್ಕೆ ಕೆಜಾಯಾ ಬೈದಳು.

ಹಾಜರಿ ಪುಸ್ತಕದ ಶಿಸ್ತಿನಿಂದ ಒಂದು ಜೀವ ಉಳಿಯಿತೆಂದು ಸಾಹೇಬರು ವರದಿ ಬರೆದರು. ಅದರಲ್ಲಿ ಹಂಡೆಯ ಸುದ್ದಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ, ತಾವೂ ಸುರಂಗಕ್ಕೆ ಇಳಿಯುವ ಮೊದಲು, ಅವರು ನಮ್ಮ ಶೆಡ್ಡಿನ ಬಾಗಿಲಿಗೆ ಬಂದರು. ಮನೆಯಲ್ಲಿ ಇಬ್ಬರು ಅಡುಗೆಯವರಿದ್ದ ಮನುಷ್ಯ. ಕೈಯಲ್ಲಿ ಒಂದು ಆಲೂಗಡ್ಡೆ, ಅದಕ್ಕೊಂದು ದಾರ.

"ಇದನ್ನೂ ಹಾಕಿಬಿಡಮ್ಮ" ಎಂದರು.